ಒಣಗಿದ ಹುಳಿ

ಕನ್ನಡದ ಅಡುಗೆಮನೆಯಲ್ಲಿ ಹುಳಿ ಎಂದರೆ ಒದ್ದೆಯಾದದ್ದು. ಹುಣಸೆಯನ್ನು ನೆನೆಹಾಕಬೇಕು, ಕಿವುಚಬೇಕು, ನಾರು ಬೀಜ ತೆಗೆದು ರಸ ಬಸಿಯಬೇಕು. ನಿಂಬೆಯನ್ನು ಹಿಂಡಬೇಕು. ಮೊಸರನ್ನು ಕಡೆಯಬೇಕು. ಚೆನ್ನಾಗಿರುವ ಮನೆಯನ್ನು ಒಡೆಯುವವರು ಕೂಡ ನಮ್ಮಲ್ಲಿ ಹುಳಿ ಹಿಂಡುತ್ತಾರೆಯೇ ಹೊರತು ಉದುರಿಸುವುದಿಲ್ಲ. ನಾಲಗೆಯ ರುಚಿಗೂ ಅದೇ ಹೆಸರು, ಬೇಳೆ ತರಕಾರಿ ಬೆರೆಸಿ ಕುದಿಸಿ ಅನ್ನಕ್ಕೆ ಸುರಿದುಕೊಳ್ಳುವ ಪದಾರ್ಥಕ್ಕೂ ಅದೇ ಹೆಸರು. ಹೀಗಿರುವಾಗ ಚಿಟಿಕೆಯಲ್ಲಿ ಹಿಡಿಯಬಹುದಾದ, ಊದಿದರೆ ಹಾರಿಹೋಗುವ ಹುಳಿಯೊಂದು ಇದೆ ಎಂಬುದು ಮೂವತ್ತೊಂದು ವರ್ಷದವರೆಗೂ ನನಗೆ ಗೊತ್ತಿರಲಿಲ್ಲ.

ಬಡ್ತಿಯ ಜೊತೆಗೆ ವರ್ಗಾವಣೆಯನ್ನೂ ಕೊಟ್ಟು ಬ್ಯಾಂಕು ನನ್ನನ್ನು ಪೂರ್ವ ಉತ್ತರ ಪ್ರದೇಶಕ್ಕೆ, ಆಜಮ್‌ಗಢದ ಕಡೆಗೆ ಅಟ್ಟಿತ್ತು. ಊರಿಂದ ಎರಡು ಕಿಲೋ ಹುಣಸೆಹಣ್ಣು ಕಟ್ಟಿಕೊಂಡು ಹೋಗಿದ್ದೆ. ಮೊದಲ ವಾರ ಬೆಂಡೆಕಾಯಿ ಪಲ್ಯಕ್ಕೆ ಹುಣಸೆರಸ ಬಿಟ್ಟದ್ದು ಹೆಚ್ಚಾಗಿ, ಪಲ್ಯವಾಗಬೇಕಿದ್ದದ್ದು ಗೊಜ್ಜಾಯಿತು. ಬಾಡಿಗೆ ಮನೆಯ ಒಡತಿ, ಬೀದಿಯವರೆಲ್ಲ ಚಾಚಿ ಎಂದು ಕರೆಯುತ್ತಿದ್ದವರು, ಬಾಗಿಲಲ್ಲೇ ನಿಂತು ಬಾಣಲೆಯನ್ನು ನೋಡಿದರು. "ಇದು ಸಬ್ಜಿಯೋ ದಾಲೋ ಬಿಟಿಯಾ?" ಎಂದು ಕೇಳಿ, ಒಳಗೆ ಹೋಗಿ ಒಂದು ಬಟ್ಟಲಲ್ಲಿ ಬೂದುಗಂದು ಪುಡಿ ತಂದಿಟ್ಟರು. ಬೆಂಡೆ ಹುರಿದು, ಒಲೆ ಆರಿಸುವ ಮುನ್ನ ಇಷ್ಟೇ ಇಷ್ಟು ಉದುರಿಸು ಎಂದರು. ಅವರ ಬಾಯಲ್ಲಿ ಅದು ಖಟಾಯಿ. ಹೋಳಾಗಿದ್ದರೂ ಖಟಾಯಿ, ಪುಡಿಯಾಗಿದ್ದರೂ ಖಟಾಯಿ. ಅಂಗಡಿಯವನಿಗೆ ಮಾತ್ರ ಆಮ್‌ಚೂರ್. ಚೂರ್ ಎಂದರೇ ಪುಡಿ. ಈಗ ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ 'ಆಮ್‌ಚೂರ್ ಪುಡಿ' ಎಂದು ಕೇಳುತ್ತೇವೆ; ನಡುಮಧ್ಯ ಎಂದಂತೆ ಅದೂ ಸಲ್ಲುತ್ತದೆ ಬಿಡಿ.

ಬೆಂಡೆಯ ಲೋಳೆಯನ್ನು ಹುಣಸೆಯೂ ಮುರಿಯುತ್ತದೆ, ಆಮ್‌ಚೂರೂ ಮುರಿಯುತ್ತದೆ. ಆದರೆ ಹುಣಸೆ ತನ್ನ ಜೊತೆ ನೀರನ್ನೂ ಕರೆತರುತ್ತದೆ. ಇದು ಒಂಟಿಯಾಗಿ ಬರುತ್ತದೆ. ಹಾಗಲಕಾಯಿಯ ಹೊಟ್ಟೆ ಬಗೆದು ಸೋಂಪು, ಕೊತ್ತಂಬರಿ, ಅರಿಸಿನದ ಜೊತೆ ಇದನ್ನು ತುಂಬಿ, ದಾರ ಸುತ್ತಿ ಸಾಸಿವೆ ಎಣ್ಣೆಯಲ್ಲಿ ಹುರಿದಾಗ ಕಹಿಯ ಪಕ್ಕದಲ್ಲಿ ಒಂದು ಹುಳಿ ಕೂತಿರುತ್ತದೆ, ಒಂದನ್ನೊಂದು ಅಳಿಸದೆ. ಸಮೋಸಾದ ಆಲೂಗಡ್ಡೆಯೊಳಗೆ, ಪರಾಠೆಯ ಹೂರಣದೊಳಗೆ, ಹಿಟ್ಟು ಒದ್ದೆಯಾಗಿ ಹರಿದುಹೋಗಬಾರದ ಕಡೆಯೆಲ್ಲ ಇದೇ ಬೇಕು. ಚಾಟ್ ಮಸಾಲೆಯಲ್ಲಿ ಕರಿ ಉಪ್ಪು ಜೀರಿಗೆಯ ಜೊತೆ ಹಲ್ಲು ಚುಳ್ಳೆನ್ನಿಸುವುದೂ ಇದೇ.

ಇದು ಹೇಗೆ ಹುಟ್ಟುತ್ತದೆ ಎಂದು ನೋಡಿದ್ದು ಬೇಸಿಗೆಯಲ್ಲಿ. ಏಪ್ರಿಲ್ ಕೊನೆಯ ಒಂದು ಸಂಜೆ ಆಂಧಿ ಎದ್ದಿತು. ಆಕಾಶ ಕಂದಾಗಿ, ಹತ್ತು ನಿಮಿಷ ದೂಳಲ್ಲದೆ ಬೇರೇನೂ ಕಾಣಲಿಲ್ಲ. ಗಾಳಿ ನಿಂತದ್ದೇ ತಡ, ಬುಟ್ಟಿ ಹಿಡಿದ ಮಕ್ಕಳೂ ಹೆಂಗಸರೂ ಮಾವಿನ ಮರಗಳ ಕಡೆಗೆ ಓಡಿದರು. ಬಿದ್ದ ಕಾಯಿ ಹೆಕ್ಕಿದವರದು. ಟಿಕೋರಾ ಎಂದು ಅದಕ್ಕೆ ಹೆಸರು. ಚಾಚಿಯ ಮನೆಗೂ ಎರಡು ಬುಟ್ಟಿ ಬಂತು. ಹಿತ್ತಲಲ್ಲಿದ್ದದ್ದು ಬೀಜದಿಂದಲೇ ಎದ್ದ ಬೀಜೂ ಮರ. ಕಸಿಯ ದಶೇರಿ ಅಲ್ಲ. ಹಣ್ಣಾದರೂ ನಾರುನಾರು, ಅರೆಹುಳಿ. ಕಸಿ ಕಟ್ಟುವವನು ಸಿಹಿಯನ್ನು ಆರಿಸುತ್ತಾನೆ. ಅವನು ಬಿಟ್ಟುಹೋದದ್ದೇ ಉಪ್ಪಿನಕಾಯಿಗೂ ಖಟಾಯಿಗೂ ಸಿಗುವುದು. ನಮ್ಮ ಕರಾವಳಿ ಮಲೆನಾಡಿನ ಕಾಟುಮಾವಿಗೂ ಅಪ್ಪೆಮಿಡಿಗೂ ಇದು ದಾಯಾದಿ ಎನ್ನಿಸಿತು.

ಸಿಪ್ಪೆ ತೆಗೆಯಲು ಕಪ್ಪೆಚಿಪ್ಪು. ಅದರ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ, ಆ ತೂತಿನ ಹರಿತವಾದ ಅಂಚಿನಿಂದ ಕೆರೆಯುತ್ತಿದ್ದರು. ಕಬ್ಬಿಣ ಮುಟ್ಟಿದರೆ ಮಾವಿನ ಒಗರು ಅದರೊಡನೆ ಕೂಡಿ ಹೋಳು ಕಪ್ಪಾಗುತ್ತದೆ. ಆದರೂ ಕತ್ತರಿಸುವುದು ಪಹಸುಲ್ ಮೇಲೆಯೇ, ಅದು ನಮ್ಮ ಈಳಿಗೆಮಣೆಯ ಒಡಹುಟ್ಟು. ಹಾಗಾಗಿ ಮನೆಯ ಖಟಾಯಿ ಯಾವತ್ತೂ ಸ್ವಲ್ಪ ಕಪ್ಪೇ. ಚಾಚಿಗೆ ಅದರ ಚಿಂತೆಯಿರಲಿಲ್ಲ. ಹೋಳುಗಳನ್ನು ಹಗ್ಗದ ಮಂಚದ ಮೇಲೆ ಹಳೆಯ ಪಂಚೆ ಹಾಸಿ ಹರವಿ, ಮಾಳಿಗೆಗೆ ಏರಿಸಿದರು.

ಆಗ ಬೀಸುತ್ತಿತ್ತು ಲೂ. ಮೇ, ಜೂನ್ ತಿಂಗಳ ಮಧ್ಯಾಹ್ನ ಪಶ್ಚಿಮದಿಂದ ಬರುವ ಈ ಒಣಗಾಳಿ ನಡೆಯುವವನನ್ನು ನಡೆಯುತ್ತಿದ್ದ ಹಾಗೆಯೇ ಕೆಡವುತ್ತದೆ. ಅದು ಹೊಡೆಯದಿರಲಿ ಎಂದು ಮನೆಮನೆಯಲ್ಲೂ ಮಾವಿನಕಾಯಿ ಸುಟ್ಟು ಪನ್ನಾ ಮಾಡಿ ಕುಡಿಯುತ್ತಾರೆ. ಕೆಳಗೆ ಮನುಷ್ಯರು ಗಾಳಿಯಿಂದ ತಪ್ಪಿಸಿಕೊಳ್ಳಲು ಆ ಕಾಯಿಯ ರಸ ಕುಡಿಯುತ್ತಿದ್ದರೆ, ಮಾಳಿಗೆಯಲ್ಲಿ ಅದೇ ಗಾಳಿ ಅದೇ ಕಾಯಿಯ ರಸವನ್ನು ಕುಡಿಯುತ್ತಿರುತ್ತದೆ. ಸಂಜೆಯಾದರೆ ಮಂಚ ಒಳಗೆ, ಬೆಳಗಾದರೆ ಹೊರಗೆ. ಐದಾರು ದಿನದಲ್ಲಿ ಹೋಳುಗಳು ಮುದುಡಿ, ಮುರಿದರೆ ಟಪ್ಪೆನ್ನುವ ಹದಕ್ಕೆ ಬಂದವು. ಎರಡು ಬುಟ್ಟಿ ಕಾಯಿ ಒಂದು ಡಬ್ಬಿಯಲ್ಲಿ ಕೂತಿತು.

ನಮ್ಮ ಮಲೆನಾಡಿನಲ್ಲಿ ಈ ಗಾಳಿ ಇಲ್ಲ. ಕಾಯಿಯ ಕಾಲದಲ್ಲೇ ಸೆಕೆ, ಬೆನ್ನಿಗೇ ಮಳೆ. ಅದಕ್ಕೇ ಅಲ್ಲಿ ಮಿಡಿ ಉಪ್ಪಿನಲ್ಲಿ ಮುಳುಗುತ್ತದೆ. ವಾಟೆಕಾಯಿ, ಉಪ್ಪಾಗೆಯಂಥವನ್ನು ಮಾತ್ರ ಹೇಗೋ ಬಿಸಿಲು ಹೊಗೆ ಹಿಡಿಸಿ ಒಣಗಿಸುತ್ತಾರೆ. ಮಾವಿನಕಾಯಿ ಒಣಗುವುದೋ ಮುಳುಗುವುದೋ ಎಂಬುದನ್ನು ಅಡುಗೆಯವಳಿಗಿಂತ ಮೊದಲು ಹವಾಮಾನ ತೀರ್ಮಾನಿಸಿರುತ್ತದೆ.

ಮಾಳಿಗೆಯ ಮೇಲೆ ಕಾಗೆ ಓಡಿಸುತ್ತ ಕೂತಿದ್ದ ಒಂದು ಭಾನುವಾರ ಮಾತಿಗೆ ಮಾತು ಬಂದು ನನ್ನ ವಿಷಯ ಹೊರಬಿತ್ತು. ಇಪ್ಪತ್ತೆರಡಕ್ಕೆ ಕನ್ನಡ ಎಂ.ಎ. ಓದುತ್ತಿದ್ದವಳು ಬ್ಯಾಂಕ್ ಪರೀಕ್ಷೆ ಪಾಸಾದೆ ಎಂದು ಅರ್ಧಕ್ಕೇ ಬಿಟ್ಟು ಬಂದದ್ದು. ಮನೆಗೆ ಸಂಬಳ ಬೇಕಿತ್ತು, ಅದರಲ್ಲಿ ಯಾರದೂ ತಪ್ಪಿರಲಿಲ್ಲ. ಆದರೆ ಮುಗಿಸದ ಓದು ಒಳಗೆಲ್ಲೋ ಹುಳ್ಳಗೆ ಉಳಿದಿತ್ತು. ಯಾರಾದರೂ ಕುಮಾರವ್ಯಾಸನ ಹೆಸರೆತ್ತಿದರೆ ನಾನು ಅತಿಯಾಗಿ ಮಾತನಾಡುತ್ತಿದ್ದೆ, ಇಲ್ಲವೇ ಮಾತೇ ನಿಲ್ಲಿಸುತ್ತಿದ್ದೆ. ಚಾಚಿ ಇದನ್ನೆಲ್ಲ ಕೇಳಿ ಏನೂ ಹೇಳಲಿಲ್ಲ. ಹೋಳುಗಳನ್ನು ಮಗುಚು ಎಂದರು. ಕಾಯಿಯಿದ್ದಾಗಲೇ ಹೆಚ್ಚಿ ಬಿಸಿಲಿಗೆ ಹಾಕಿದ್ದರ ಮೇಲೆ ಕೈಯಾಡಿಸುತ್ತ ನನಗೆ ನಗು ಬಂತು.

ನಮ್ಮ ಭಾಷೆ ಹಣ್ಣಿನ ಪಕ್ಷಪಾತಿ. ಒಳ್ಳೆಯದಕ್ಕೆಲ್ಲ ಮಾಗುವುದು, ಪಕ್ವವಾಗುವುದು, ಫಲಿಸುವುದು ಎನ್ನುತ್ತೇವೆ. ವಯಸ್ಸಾದವರು ಹಣ್ಣಾದ ಜೀವ. ಅಪಕ್ವ ಎಂದರೆ ಬೈಗುಳಕ್ಕೆ ಹತ್ತಿರ. ಎಳಸು ಎಂದರೂ ಅಷ್ಟೆ. ಕಾಯಿ ಎಂಬುದು ಕಾಯುವುದಕ್ಕಷ್ಟೇ ಇರುವ ಸ್ಥಿತಿ ಎಂಬಂತೆ ನಮ್ಮ ಮಾತು ಸಾಗುತ್ತದೆ; ಎರಡೂ ಪದ ಕಿವಿಗೆ ಒಂದೇ ಥರ ಕೇಳುವುದೂ ಅದಕ್ಕೆ ಒದಗಿಬರುತ್ತದೆ. ಆಮ್‌ಚೂರ್ ಈ ದಾರಿಯಲ್ಲಿ ನಡೆಯಲೇ ಇಲ್ಲ. ಕಾಯಿಯಿಂದ ನೇರ ಮುಪ್ಪಿಗೆ ಹಾರಿತು. ಹಣ್ಣಾಗುವ ನಡುವಿನ ಕಾಲವನ್ನು ದಾಟದೆಯೇ ಸುಕ್ಕುಗಟ್ಟಿತು.

ಮಾವಿನಕಾಯಿ ಹುಳಿಯಾಗಿರುವುದೇಕೆ? ಒಳಗಿನ ಬೀಜ ಇನ್ನೂ ಬಲಿತಿಲ್ಲ, ಈಗಲೇ ತಿಂದು ಹೊತ್ತೊಯ್ದರೆ ಪ್ರಯೋಜನವಿಲ್ಲ. ಅದಕ್ಕೆ ಮರ ತಿರುಳಿನಲ್ಲಿ ಹುಳಿಯನ್ನೂ ಒಗರನ್ನೂ ಇಟ್ಟು ಕಾವಲು ಕಾಯುತ್ತದೆ. ಓಟೆ ಗಟ್ಟಿಯಾಗಿ ಬೀಜ ತಯಾರಾದ ಮೇಲೆ ಕಾಯಿ ಉಸಿರಾಡುತ್ತ ಉಸಿರಾಡುತ್ತ ತನ್ನ ಹುಳಿಯನ್ನು ತಾನೇ ಕರಗಿಸಿಕೊಳ್ಳುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಬಣ್ಣ ಬರುತ್ತದೆ, ಪರಿಮಳ ಕರೆಯುತ್ತದೆ. ಹಣ್ಣು ಮರದ 'ಬಾ'. ಕಾಯಿ ಮರದ 'ಈಗ ಬೇಡ'. ಹುಣಸೆಯ ಸ್ವಭಾವ ಬೇರೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಹಣ್ಣಾದರೂ ಕರಗುವುದಿಲ್ಲ, ಸಕ್ಕರೆ ಕೂಡಿದರೂ ಹುಳಿ ಹಾಗೇ ಉಳಿಯುತ್ತದೆ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದ ಹಿರಿಯರಿಗೆ ಈ ರಸಾಯನಶಾಸ್ತ್ರ ಬೇಕಾಗಿರಲಿಲ್ಲ. ಮಾವಿಗೆ ಆ ಗಾದೆ ಹೊಂದುವುದಿಲ್ಲ. ಅದರ ಹುಳಿ ಕೆಲವೇ ವಾರಗಳದು. ಅದು ಬೇಕೆಂದವರು ಮರ ಮನಸ್ಸು ಬದಲಾಯಿಸುವ ಮುಂಚೆ ಹೋಗಬೇಕು.

ಅಂದರೆ ಡಬ್ಬಿಯಲ್ಲಿರುವುದು ಒಂದು ನಿರಾಕರಣೆಯ ಪುಡಿ. ಅದನ್ನು ನಾವು ವರ್ಷವಿಡೀ ಚಿಟಿಕೆ ಚಿಟಿಕೆಯಾಗಿ ತಿನ್ನುತ್ತೇವೆ.

ಅಡುಗೆಯಲ್ಲೂ ಹುಳಿಯ ಕೆಲಸ ಬಹಳ ಮಟ್ಟಿಗೆ ತಡೆಯುವುದೇ. ಬೇಳೆ ಬೇಯುವ ಮುನ್ನ ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ ಎಂಬುದು ಸಾರು ಮಾಡಲು ಕಲಿತ ಹುಡುಗಿಗೂ ಗೊತ್ತು. ಕಾಳಿನ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟು ಹುಳಿಯ ನೀರಿನಲ್ಲಿ ಸುಲಭವಾಗಿ ಸಡಿಲುವುದಿಲ್ಲ. ಚಾಚಿಯೂ ಛೋಲೆ ಬೆರಳಿಗೆ ಹಿಸುಕಿಹೋಗುವವರೆಗೆ ಆಮ್‌ಚೂರ್ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಮರ ಹುಳಿಯನ್ನು ಮೊದಲು ಇಟ್ಟು ಕೊನೆಗೆ ತೆಗೆಯುತ್ತದೆ. ಅಡುಗೆಯವಳು ಕೊನೆಗೆ ಹಾಕುತ್ತಾಳೆ. ಎಲ್ಲ ಬೆಂದು ಮೆತ್ತಗಾಗಿ ಒಂದಕ್ಕೊಂದು ಶರಣಾದ ಮೇಲೆ, ಆ ಒಪ್ಪಿಗೆಯ ನಡುವೆ ಒಂದು ಒಪ್ಪದ ದನಿ. ಅದಿಲ್ಲದ ಆಲೂಗಡ್ಡೆ ಪಲ್ಯ ತಿಂದು ನೋಡಿ. ಉಪ್ಪು ಸರಿಯಿದೆ, ಖಾರ ಸರಿಯಿದೆ, ಆದರೂ ಯಾರೋ ಮಾತಾಡದೆ ಕೂತ ಹಾಗೆ.

ಇಲ್ಲಿ ಒಂದು ಜಾಗದಲ್ಲಿ ಜಾರುವುದು ಸುಲಭ. ಅಕಾಲದಲ್ಲಿ ಉದುರಿದ್ದಕ್ಕೂ ಒಂದು ಸಾರ್ಥಕತೆ ಇದೆ ಎಂದು ಸಮಾಧಾನ ಹೇಳಿಬಿಡಬಹುದು. ನನ್ನ ಅರ್ಧ ಎಂ.ಎ.ಗೂ ಆ ಸಮಾಧಾನ ಹೇಳಿದವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಆಂಧಿಗೆ ಬಿದ್ದ ಕಾಯಿ ಆಮ್‌ಚೂರ್ ಆಗಲೆಂದು ಬೀಳಲಿಲ್ಲ. ಗಾಳಿ ಬೀಸಿತು, ಬಿತ್ತು. ಮಿಕ್ಕದ್ದು ಬುಟ್ಟಿ ಹಿಡಿದು ಓಡಿದವರ ಕೆಲಸ. ಹೆಕ್ಕದಿದ್ದರೆ ಎರಡೇ ದಿನಕ್ಕೆ ಅಲ್ಲೇ ಕೊಳೆಯುತ್ತಿತ್ತು. ಅರ್ಥ ಎಂಬುದು ಏನಾದರೂ ಇದ್ದರೆ ಅದು ಕಾಯಿಯಲ್ಲಿಲ್ಲ. ಕಪ್ಪೆಚಿಪ್ಪು ಹಿಡಿದು ಬೆರಳು ಸುಲಿದುಕೊಂಡ ಕೈಯಲ್ಲಿ ಇರಬಹುದು.

ಆ ಕೈಗಳ ವಿಷಯ ಬಂದಾಗ ತತ್ತ್ವ ಸ್ವಲ್ಪ ತೆಪ್ಪಗಿರುವುದು ಒಳ್ಳೆಯದು. ಮಾರುಕಟ್ಟೆಗೆ ಬರುವ ಆಮ್‌ಚೂರ್‌ನಲ್ಲಿ ದೊಡ್ಡ ಪಾಲು ಚಾಚಿಯಂಥವರ ಮಾಳಿಗೆಯಿಂದ ಬರುವುದಿಲ್ಲ. ಛತ್ತೀಸ್‌ಗಢದ ಬಸ್ತರ್, ಮಧ್ಯಪ್ರದೇಶದ ಅಲಿರಾಜಪುರದಂಥ ಕಡೆಗಳಲ್ಲಿ ಆದಿವಾಸಿ ಹೆಂಗಸರು ಕಾಯಿ ಕೂಡಿಸಿ, ಸುಲಿದು, ಒಣಗಿಸಿ ಸಂತೆಗೆ ಹೊರುತ್ತಾರೆ. ತೆಲಂಗಾಣದ ನಿಜಾಮಾಬಾದ್ ಮಾರುಕಟ್ಟೆ ಅರಿಸಿನಕ್ಕೆ ಹೇಗೋ ಆಮ್‌ಚೂರ್‌ಗೂ ಹಾಗೆಯೇ ಹೆಸರಾದದ್ದು. ಅಲ್ಲಿ ಮಾವು ಸುಲಿದು ಒಣಗಿಸುವವರ ಮನೆಯ ಸಾರಿಗೆ ಬೀಳುವುದು ಹುಣಸೆಯೇ. ಒಣಗಿದ ಮಾವು ಮೂಟೆಯಾಗಿ ಉತ್ತರಕ್ಕೆ ಹೊರಡುತ್ತದೆ. ಬೆಲೆ ನಿಂತಿರುವುದು ಬಣ್ಣದ ಮೇಲೆ. ಬಿಳಿಚಿಕೊಂಡದ್ದಕ್ಕೆ ಹೆಚ್ಚು, ಕಪ್ಪಿಗೆ ಕಡಿಮೆ. ಒಣಗುವಾಗ ಒಂದು ಅಕಾಲ ಮಳೆ ಬಿದ್ದರೆ, ಹೋಳು ಮಂಕಾದರೆ, ವಾರದ ದುಡಿಮೆಯ ಬೆಲೆ ಒಂದೇ ರಾತ್ರಿಗೆ ಇಳಿಯುತ್ತದೆ. ಹುಳಿ ಅಷ್ಟೇ ಇರುತ್ತದೆ, ಬಹುಶಃ. ಆದರೆ ಹುಳಿಯನ್ನು ಕಣ್ಣಿನಿಂದ ಕೊಳ್ಳುವವರ ಲೋಕದಲ್ಲಿ ಅದಕ್ಕೆ ಸಾಕ್ಷಿ ಹೇಳುವವರಿಲ್ಲ.

ಈಗ ನಾನು ನಿವೃತ್ತಳು. ಇರುವುದು ಬೆಂಗಳೂರಿನ ದಕ್ಷಿಣಕ್ಕೆ, ಹುಳಿಮಾವು ಎಂಬ ಹೆಸರಿನ ಬಡಾವಣೆಯಿಂದ ಬಹಳ ದೂರವಲ್ಲ. ಯಾವ ಮರ ನೋಡಿ ಆ ಊರಿಗೆ ಯಾರು ಹೆಸರಿಟ್ಟರೋ, ಸಿಹಿಮಾವು ಎನ್ನದೆ ಹುಳಿಮಾವು ಎಂದವನ ನಾಲಗೆ ನನಗೆ ಇಷ್ಟ. ಮೊನ್ನೆ ಬೇಸಿಗೆಯಲ್ಲಿ ಐದು ಕಿಲೋ ನಾಟಿ ಕಾಯಿ ತಂದು, ಸ್ಟೀಲಿನ ಚಾಕುವಿನಲ್ಲಿ ಸುಲಿದು ಹೆಚ್ಚಿ, ತಾರಸಿಯ ಮೇಲೆ ಹರವಿದೆ. ಎರಡನೆಯ ದಿನ ಮಾವಿನ ಮಳೆ ಬಂತು. ಎತ್ತಿಕೊಂಡು ಓಡಿದೆ. ಫ್ಯಾನಿನ ಕೆಳಗೆ ಇಟ್ಟೆ, ಮತ್ತೆ ಬಿಸಿಲಿಗೆ ಇಟ್ಟೆ. ಹನ್ನೆರಡು ದಿನ ಬೇಕಾಯಿತು. ಪುಡಿ ಮಾಡಿ ತೂಗಿದರೆ ನಾಲ್ಕುನೂರು ಗ್ರಾಂ ಚಿಲ್ಲರೆ. ಬಣ್ಣ ಚಾಚಿಯದಕ್ಕಿಂತ ಕಪ್ಪು. ಮಳೆಗಾಲ ಹಿಡಿದ ಮೇಲೆ ಗಾಳಿಯ ತೇವ ಎಳೆದುಕೊಂಡು ಡಬ್ಬಿಯೊಳಗೆ ಗಂಟುಗಟ್ಟಿತು, ಚಮಚದ ಹಿಡಿಯಿಂದ ಕುಟ್ಟಿ ತೆಗೆಯುತ್ತಿದ್ದೇನೆ. ಕಳೆದುಕೊಂಡ ನೀರನ್ನು ಅದು ಮರೆತಿಲ್ಲ.

ಆ ಐದು ಕಿಲೋದಲ್ಲಿ ಒಂದು ಕಾಯಿ ಹೊರಗೆ ಹಸಿರೇ ಇತ್ತು. ಹೆಚ್ಚಿದರೆ ಒಳಗೆ, ಓಟೆಯ ಸುತ್ತ, ಅರಿಸಿನ ಬಣ್ಣ ತಿರುಗಿತ್ತು. ಇಂಥದ್ದು ಸಿಕ್ಕರೆ ಚಾಚಿ "ಇದು ಖಟಾಯಿಗೆ ಬರೋಲ್ಲ" ಎಂದು ಗೊಣಗಿ, ಪಕ್ಕದಲ್ಲಿದ್ದವರ ಬಾಯಿಗೆ ಹಾಕುತ್ತಿದ್ದರು. ತಾರಸಿಯಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ. ನಿಂತೇ ತಿಂದೆ. ಮೊದಲ ಕಚ್ಚಿಗೆ ಸಿಹಿ, ಓಟೆಯಿಂದ ದೂರ ಬಂದಂತೆ ಹುಳಿ, ಸಿಪ್ಪೆಯ ಹತ್ತಿರ ಹಲ್ಲು ಜುಮ್ಮೆನ್ನುವಷ್ಟು.