ಮಗುವಿನ ಅನ್ನಕ್ಕೆ ಷರತ್ತೇ?



ನಂದಿನಿ ಲೇಔಟ್‌ನಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ತಂದೆಯೊಬ್ಬರು ಕೇಳಿದರು: "ಸ್ವಾಮಿ, ಮಗಳನ್ನು ನೋಡೋಕೇ ಬಿಡದ ಮೇಲೆ ನಾನ್ಯಾಕೆ ದುಡ್ಡು ಕಟ್ಟಬೇಕು?" ಅವರ ಕಣ್ಣು ತುಂಬಿತ್ತು. ಆ ನೋವು ಸುಳ್ಳಲ್ಲ. ಆದರೆ ಆ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಾಲಗಳು ಬೆರೆತುಹೋಗಿವೆ.

ನ್ಯಾಯವೆಂದರೆ ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಜೀವನಾಂಶ ತಾಯಿಯ ಕೈ ಸೇರಿದರೂ ಸಲ್ಲತಕ್ಕದ್ದು ಮಗುವಿಗೆ. ತಾಯಿ ತಪ್ಪಿದಳೆಂದು ಶಾಲೆಯ ಫೀಸು ನಿಲ್ಲಿಸಿದರೆ ದಂಡ ತೆರುವವರು ಯಾರು? ತಾಯಂದಿರೇ, ನಿಮಗೂ ಒಂದು ಮಾತು: ಹಣ ಬರಲಿಲ್ಲವೆಂದು ತಂದೆಯ ಮುಖ ತೋರಿಸದಿದ್ದರೆ ಕಸಿದುಕೊಂಡದ್ದು ಗಂಡನಿಂದ ಮಾತ್ರವಲ್ಲ, ಮಗುವಿನಿಂದ. ಮಗು ಒತ್ತೆಯಿಟ್ಟ ಒಡವೆಯಲ್ಲ.

2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಮೊಕದ್ದಮೆಯಲ್ಲಿ ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಲಿ, ವಿದ್ಯಾಭ್ಯಾಸದ ಖರ್ಚನ್ನು ಇಬ್ಬರೂ ಸಮವಾಗಿ ಹೊರಲಿ ಎಂದು ತೀರ್ಪಿತ್ತಿತು. ಎಲ್ಲ ಮಕ್ಕಳಿಗೂ ಇದು ಒಗ್ಗುತ್ತದೆಂದು ನಾನು ಹೇಳಲಾರೆ. ಎರಡು ಮನೆಗಳು ದೂರವಿದ್ದರೆ ಶಾಲೆಯ ಪಾಡೇನು? ಆದರೆ ಅಲ್ಲಿ ಖರ್ಚು, ಒಡನಾಟ ಎರಡೂ ಇಬ್ಬರ ಪಾಲಿಗೂ ಬಂದವು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರ ಅದಾಗಲಿಲ್ಲ.

ದಂಪತಿಗಳು ಅಗಲಿದ ಮೇಲೂ ಮಕ್ಕಳ ಪೋಷಣೆ, ಶಿಕ್ಷಣಕ್ಕೆ ತಕ್ಕ ಏರ್ಪಾಡು ಆಗಲೇಬೇಕೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯೂ (ಕಲಂ 1154) ಹೇಳುತ್ತದೆ. ತಪ್ಪು ಯಾರದೆಂದು ಆ ಕಲಂ ಕೇಳುವುದಿಲ್ಲ.

ಭೇಟಿಗೆ ಅಡ್ಡಿಯಾದರೆ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆ ತಂದೆಗೂ ಅದನ್ನೇ ಹೇಳಿದೆ.

"ಹಾಕ್ತೀನಿ ಸ್ವಾಮಿ. ಈ ತಿಂಗಳ ದುಡ್ಡು?"

ಈ ತಿಂಗಳದ್ದು ಈ ತಿಂಗಳೇ ಕಟ್ಟಿ, ಎಂದೆ.