ಇಂದಿನ ಧಮ್ಮ ಚಿಂತನೆ: ಅಶೋಕದ ಗಿಡ, ಅಶೋಕದ ಮನಸ್ಸು





ನಮ್ಮ ಅಧ್ಯಯನ ಬಳಗದ ಉಪಾಸಿಕೆಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ತಾಯಿ ತೀರಿಕೊಂಡು ಮೂರು ತಿಂಗಳಾಯಿತು. ಮನೆಯಲ್ಲಿ ತಿಥಿ ಮಾಡಲಿಲ್ಲ, ಪಿಂಡ ಇಡಲಿಲ್ಲ. ಪರಿತ್ತ ಪಾಠ ಮಾಡಿಸಿ, ಊಟ ಹಾಕಿ, ಓದುವ ಮಕ್ಕಳಿಗೆ ಪುಸ್ತಕ ಕೊಟ್ಟರು. ನೆಂಟರು ಮಾತ್ರ "ಹೆತ್ತವ್ವನಿಗೆ ಏನೂ ಮಾಡಲಿಲ್ಲ" ಎಂದು ಆಡಿಕೊಳ್ಳುತ್ತಿದ್ದಾರೆ. ಈಗ ಅವರು ಮನೆ ಮುಂದೆ ಅವ್ವನ ನೆನಪಿಗೆ ಅಶೋಕದ ಗಿಡ ನೆಡಬೇಕೆಂದಿದ್ದಾರೆ. ಕೇಳಿರುವುದು ಎರಡು ಮಾತು. ಗಿಡವನ್ನು ಹೇಗೆ ನೆಟ್ಟು ಸಾಕಬೇಕು? ಅದರ ಬುಡಕ್ಕೆ ದೀಪ ಇಟ್ಟು ಕೈಮುಗಿದರೆ ತಪ್ಪಾಗುತ್ತದೆಯೇ?

ತಂಗಿ, ನಿಮ್ಮ ಪ್ರಶ್ನೆ ನಮ್ಮಲ್ಲಿ ಬಹಳ ಮನೆಗಳ ಪ್ರಶ್ನೆ. ಅದಕ್ಕೇ ಇಂದಿನ ಚಿಂತನೆಯನ್ನು ಇದಕ್ಕೇ ಇಟ್ಟುಕೊಂಡಿದ್ದೇವೆ.

*ಮೊದಲು ಗಿಡ ಯಾವುದು ನೋಡಿ*

ನರ್ಸರಿಗೆ ಹೋಗಿ ಅಶೋಕ ಎಂದರೆ ಹೆಚ್ಚಿನ ಕಡೆ ಕೊಡುವುದು ಕಂಬದ ಹಾಗೆ ನೆಟ್ಟಗೆ ಬೆಳೆದು, ಎಲೆಗಳನ್ನು ಕೆಳಗೆ ಇಳಿಬಿಡುವ ಮರ. ಕಚೇರಿ, ಕಾಲೇಜು, ಕಲ್ಯಾಣ ಮಂಟಪಗಳ ಕಾಂಪೌಂಡಿನಲ್ಲಿ ಸಾಲಾಗಿ ನಿಂತಿರುತ್ತದೆ. ಅದರ ಹೂ ಹಸಿರು ಬಣ್ಣದ್ದು, ಬಿಟ್ಟದ್ದೇ ಗೊತ್ತಾಗುವುದಿಲ್ಲ. ಅದೂ ಒಳ್ಳೆಯ ಮರವೇ. ಆದರೆ ಅದು ಅಶೋಕವಲ್ಲ.

ನಿಜವಾದ ಅಶೋಕವನ್ನು ನರ್ಸರಿಯವರು ಸೀತಾ ಅಶೋಕ ಎನ್ನುತ್ತಾರೆ. ಅದು ನಮ್ಮ ಪಶ್ಚಿಮ ಘಟ್ಟದ ಮರ. ಒಂದೊಂದು ಎಲೆಯಲ್ಲೂ ಹಲವು ಜೊತೆ ಕಿರುಎಲೆಗಳಿರುತ್ತವೆ. ಚಿಗುರು ತಾಮ್ರದ ಬಣ್ಣದಲ್ಲಿ ಜೋತಾಡುತ್ತದೆ. ಹೂಗೊಂಚಲು ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಮುಖ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ತನಕ ಹೂವಿನ ಕಾಲ.

ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೇನು? ಹತ್ತು ಜನ ಹೇಳಿದರು, ಹಿಂದಿನಿಂದ ಬಂದಿದೆ, ಗ್ರಂಥದಲ್ಲಿದೆ ಎಂಬ ಕಾರಣಕ್ಕೇ ಒಪ್ಪಬೇಡಿ, ನೀವೇ ಪರೀಕ್ಷಿಸಿ ತಿಳಿಯಿರಿ ಎಂದರು. ಗಿಡ ಕೊಳ್ಳುವಾಗಲೂ ಅಷ್ಟೇ. ಹೆಸರು ಕೇಳಿ ತರಬೇಡಿ, ಎಲೆ ನೋಡಿ ತನ್ನಿ. ಎಹಿಪಸ್ಸಿಕೋ, ಬಂದು ನೋಡು ಎನ್ನುವ ಧಮ್ಮ ನಮ್ಮದು.

*ಸಾಕುವುದರಲ್ಲೇ ನಾಲ್ಕು ಪ್ರಯತ್ನ*

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ, ಅಂದರೆ ಸಮ್ಯಕ್ ಪ್ರಯತ್ನ, ಒಂದು ಅಂಗ. ಅದು ನಾಲ್ಕು ಬಗೆ: ಸಂವರ, ಪಹಾನ, ಭಾವನಾ, ಅನುರಕ್ಖಣ. ಪುಸ್ತಕದಲ್ಲಿ ಓದುವಾಗ ಕಠಿಣ ಎನಿಸುತ್ತದೆ. ಒಂದು ಗಿಡ ಸಾಕಿದವರಿಗೆ ಸುಲಭವಾಗಿ ತಿಳಿಯುತ್ತದೆ.

*ಸಂವರ* ಅಂದರೆ ಇನ್ನೂ ಹುಟ್ಟದ ಕೆಡುಕು ಹುಟ್ಟದಂತೆ ನೋಡಿಕೊಳ್ಳುವುದು. ಗಿಡ ನೆಡುವ ಮುಂಚೆಯೇ ಜಾಗ ಯೋಚಿಸಿ. ಗೋಡೆಯಿಂದ ಎಂಟು ಹತ್ತು ಅಡಿ ದೂರ ಇರಲಿ. ಮೇಲೆ ಕರೆಂಟಿನ ತಂತಿ ಇರಬಾರದು. ನೀರು ನಿಲ್ಲುವ ತಗ್ಗು ಬೇಡ. ಎಳೆಯ ಅಶೋಕಕ್ಕೆ ಮಧ್ಯಾಹ್ನದ ಉರಿಬಿಸಿಲು ಆಗದು, ಅರೆನೆರಳು ಬೇಕು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಮುಂಗಾರು ಹಿಡಿದ ಮೇಲೆ ನೆಡಿ.

*ಪಹಾನ* ಅಂದರೆ ಹುಟ್ಟಿಬಿಟ್ಟ ಕೆಡುಕನ್ನು ತೆಗೆಯುವುದು. ಬುಡದ ಕಳೆಯನ್ನು ಸಣ್ಣದಿರುವಾಗಲೇ ಕೀಳಿ. ಗೆದ್ದಲಿನ ಮಣ್ಣು ಕಾಂಡಕ್ಕೆ ಹತ್ತಿದ್ದರೆ ಅಂದೇ ಕೆರೆದು ತೆಗೆಯಿರಿ. ಮಳೆ ನೀರು ಪಾತಿಯಲ್ಲಿ ನಿಂತರೆ ಕಾಲುವೆ ಮಾಡಿ ಬಿಡಿ. ನಾಳೆ ನೋಡೋಣ ಎಂದ ಕಳೆ ನಾಳೆಗೆ ಬೀಜ ಉದುರಿಸಿರುತ್ತದೆ. ಮನಸ್ಸಿನ ಸಿಟ್ಟು, ಹೊಟ್ಟೆಕಿಚ್ಚು, ಕುಡಿತದ ಚಟ ಇವಕ್ಕೂ ಇದೇ ಲೆಕ್ಕ.

*ಭಾವನಾ* ಅಂದರೆ ಇಲ್ಲದ ಒಳಿತನ್ನು ಬೆಳೆಸುವುದು. ಭಾವನಾ ಎಂಬ ಪಾಲಿ ಪದಕ್ಕೆ ಬೆಳೆಸುವುದು, ಇರುವಂತೆ ಮಾಡುವುದು ಎಂದೇ ಅರ್ಥ. ಧ್ಯಾನಕ್ಕೂ ಅದೇ ಪದ. ಮೊದಲ ಎರಡು ಬೇಸಿಗೆ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕು. ನೀರನ್ನು ಕಾಂಡಕ್ಕೇ ಸುರಿಯಬೇಡಿ, ಕೊಂಬೆ ಹರಡಿದಷ್ಟು ಅಗಲ ಪಾತಿ ಮಾಡಿ ಅದಕ್ಕೆ ಹಾಕಿ. ಒಣಗಿದ ಎಲೆಯನ್ನು ಪಾತಿಗೆ ಹೊದಿಸಿದರೆ ತೇವ ಉಳಿಯುತ್ತದೆ. ಹಬ್ಬಕ್ಕೊಮ್ಮೆ ಹತ್ತು ಕೊಡ ಸುರಿದು ಆಮೇಲೆ ಮರೆತರೆ ಗಿಡ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಬುದ್ಧ ಪೂರ್ಣಿಮೆಯಂದು ಮಾತ್ರ ಪಂಚಶೀಲ ಹೇಳಿದರೆ ಶೀಲವೂ ಉಳಿಯುವುದಿಲ್ಲ.

*ಅನುರಕ್ಖಣ* ಅಂದರೆ ಬಂದ ಒಳಿತನ್ನು ಕಾಯುವುದು. ಅಶೋಕದ ಹೂ ಎಳೆಯ ರೆಂಬೆಯ ತುದಿಯಲ್ಲಷ್ಟೇ ಅಲ್ಲ, ಬಲಿತ ಕೊಂಬೆಯ ಮೇಲೆ, ಕಾಂಡದ ಮೇಲೂ ಬಿಡುತ್ತದೆ. ಅಂದಕ್ಕೆಂದು ಹಳೆಯ ಕೊಂಬೆ ಕಡಿದವರು ಹೂವನ್ನೇ ಕಡಿದ ಹಾಗೆ. ಒಣಗಿದ ಕಡ್ಡಿ ಮಾತ್ರ ತೆಗೆದರೆ ಸಾಕು. ಈ ಮರದ ತೊಗಟೆ ಔಷಧಕ್ಕೆ ಹೋಗುತ್ತದೆ, ಅಶೋಕಾರಿಷ್ಟಕ್ಕೆ ಬೇಕಾದದ್ದು ಅದೇ. ಆ ಬೇಡಿಕೆಯಿಂದಲೇ ಕಾಡಿನಲ್ಲಿ ಮರ ಕಡಿಮೆಯಾಗುತ್ತಿದೆ. ತೊಗಟೆಯನ್ನು ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ಸಾಯುತ್ತದೆ. ಮನೆ ಮುಂದಿನ ಮರದ ತೊಗಟೆಗೆ ಯಾರಾದರೂ ಕೇಳಿ ಬಂದರೆ ಕೊಡಬೇಡಿ.

*ಹೂ ಬಿಡುವುದು ಯಾರಿಂದ?*

ಚೆಲುವೆಯೊಬ್ಬಳು ಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಎಂದು ಹಳೆಯ ಸಂಸ್ಕೃತ ಕವಿಗಳು ಬರೆದರು. ಓದಲು ಸೊಗಸು. ಆದರೆ ಗಿಡಕ್ಕೆ ಯಾರ ಕಾಲೂ ಬೇಕಿಲ್ಲ, ಯಾರ ಮಂತ್ರವೂ ಬೇಕಿಲ್ಲ. ಮಣ್ಣು, ನೀರು, ನೆರಳು, ಬಿಸಿಲು, ವಯಸ್ಸು, ಸಾಕುವವರ ಕೈ ಇವೆಲ್ಲ ಕೂಡಿದಾಗ ಹೂ ಬರುತ್ತದೆ. ಒಂದು ತಪ್ಪಿದರೂ ಬರುವುದಿಲ್ಲ. ಬೀಜದಿಂದ ಎದ್ದ ಗಿಡವಾದರೆ ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ. ಬುದ್ಧರು ಕಲಿಸಿದ ಪಟಿಚ್ಚಸಮುಪ್ಪಾದ ಇದೇ.

ಇದನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಏಕೆಂದರೆ ನಮ್ಮ ಹಿರಿಯರಿಗೆ ಹೇಳಿದ್ದು ಬೇರೆ. ನಿಮ್ಮ ಬದುಕು ಬರಡಾಗಿರುವುದು ಹಣೆಬರಹ, ಹೋದ ಜನ್ಮದ ಪಾಪ ಎಂದರು. ಊರವರ ತೋಟದಲ್ಲಿ ಗುಂಡಿ ತೋಡಿದವರು, ನೀರು ಹೊತ್ತವರು ನಮ್ಮವರು. ಅವರ ಹಟ್ಟಿಯಲ್ಲಿ ನೆರಳಿಗೊಂದು ಮರ ನೆಡುವಷ್ಟು ಸ್ವಂತ ಜಾಗವಿರಲಿಲ್ಲ. ಊರ ಬಾವಿಯ ನೀರು ಅವರಿಗಿರಲಿಲ್ಲ. ಬರಡುತನಕ್ಕೆ ಕಾರಣ ಬೀಜವಲ್ಲ, ನೀರು ಕೊಡದ ವ್ಯವಸ್ಥೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಕಾರಣ ತಿಳಿದರೆ ಬದಲಿಸಬಹುದು. ಅದಕ್ಕೇ ಇಂದು ನಿಮ್ಮ ಹೆಸರಿನ ಸೈಟಿನಲ್ಲಿ, ನಿಮ್ಮ ನಲ್ಲಿಯ ನೀರಿನಲ್ಲಿ, ನಿಮ್ಮ ಇಷ್ಟದ ಗಿಡ ನೆಡುತ್ತಿದ್ದೀರಿ. ನೆಡುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇದನ್ನು ಹೇಳಿ.

*ದೀಪ ಇಡಬಹುದೇ?*

ಈಗ ಎರಡನೆಯ ಮಾತು. ದೀಘ ನಿಕಾಯದ ಮಹಾಪದಾನ ಸುತ್ತದಲ್ಲಿ ಏಳು ಬುದ್ಧರ ಹೆಸರಿದೆ. ಒಬ್ಬೊಬ್ಬರಿಗೂ ಬೋಧಿಯಾದದ್ದು ಒಂದೊಂದು ಮರದ ಕೆಳಗೆ. ಒಬ್ಬರಿಗೆ ಪಾದರಿ, ಒಬ್ಬರಿಗೆ ಸಾಲ, ಒಬ್ಬರಿಗೆ ಬಾಗೆ, ಒಬ್ಬರಿಗೆ ಅತ್ತಿ, ಒಬ್ಬರಿಗೆ ಆಲ, ನಮ್ಮ ಗೋತಮ ಬುದ್ಧರಿಗೆ ಅರಳಿ. ಬೋಧಿ ಕೊಟ್ಟದ್ದು ಮರವೇ ಆಗಿದ್ದರೆ ಒಂದೇ ಮರ ಸಾಕಿತ್ತು. ಮರ ಬದಲಾಯಿತು, ಪ್ರಯತ್ನ ಬದಲಾಗಲಿಲ್ಲ. ಮರ ನೆರಳು ಕೊಟ್ಟಿತು, ಎಚ್ಚರಗೊಂಡದ್ದು ಮನುಷ್ಯ.

ಹಾಗಾಗಿ ಮರಕ್ಕೆ ಕೃತಜ್ಞತೆ ಇರಲಿ, ಹರಕೆ ಬೇಡ. ಸಂಜೆ ಬುಡದಲ್ಲಿ ಕುಳಿತು ಅವ್ವನನ್ನು ನೆನೆದು ತ್ರಿಸರಣ, ಪಂಚಶೀಲ ಹೇಳಿ. ಕತ್ತಲಾದರೆ ದೀಪ ಹಚ್ಚಿ, ತಪ್ಪೇನಿಲ್ಲ. ಅರಿಸಿನ ಕುಂಕುಮ ಮೆತ್ತುವುದು, ದಾರ ಸುತ್ತುವುದು, ಅವ್ವನ ಆತ್ಮ ಇದರಲ್ಲಿ ಬಂದು ಸೇರಿದೆ ಎನ್ನುವುದು ಬೇಡ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡದಾನ ಮಾಡುವುದಿಲ್ಲ ಎಂಬುದೂ ಒಂದು. ಮುಂಬಾಗಿಲಿನಿಂದ ಕಳಿಸಿದ ಪಿಂಡವನ್ನು ಗಿಡದ ಹೆಸರಿನಲ್ಲಿ ಹಿತ್ತಲಿನಿಂದ ಒಳಗೆ ಬಿಟ್ಟುಕೊಳ್ಳಬಾರದು.

ನೆಂಟರಿಗೆ ಏನು ಹೇಳುವುದು? ಸಂಯುತ್ತ ನಿಕಾಯದ ವನರೋಪ ಸುತ್ತವನ್ನು ಹೇಳಿ. ಯಾರ ಪುಣ್ಯ ಹಗಲಿರುಳು ಬೆಳೆಯುತ್ತದೆ ಎಂದು ಕೇಳಿದಾಗ ಬುದ್ಧರು ಗಿಡಮರ ನೆಡುವವರನ್ನು, ಸೇತುವೆ ಕಟ್ಟುವವರನ್ನು, ಅರವಟ್ಟಿಗೆ ಇಡುವವರನ್ನು, ಬಾವಿ ತೋಡಿಸುವವರನ್ನು, ತಂಗಲು ಮನೆ ಕೊಡುವವರನ್ನು ಹೆಸರಿಸಿದರು. ಧಮ್ಮದಲ್ಲಿ, ಶೀಲದಲ್ಲಿ ನಿಂತವರನ್ನೂ ಜೊತೆಗೇ ಸೇರಿಸಿದರು. ನಮ್ಮ ನಾಡಿನ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಆ ಚಕ್ರವರ್ತಿ ಕಳಿಂಗದಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಿಗೆ ಶೋಕ ತಂದವನು. ಪಶ್ಚಾತ್ತಾಪಪಟ್ಟದ್ದನ್ನು ಕಲ್ಲಿನಲ್ಲೇ ಬರೆಸಿದ. ದಾರಿಯಲ್ಲಿ ಮರ ನೆಡಿಸಿದ, ಬಾವಿ ತೋಡಿಸಿದ, ಮನುಷ್ಯರಿಗೂ ಪ್ರಾಣಿಗಳಿಗೂ ಔಷಧಿ ಗಿಡ ಬೆಳೆಸಿದ. ಅವ್ವನಿಗೆ ಏನು ಮಾಡಿದಿರಿ ಎಂದವರಿಗೆ, ದಾರಿಹೋಕರಿಗೆ ನೆರಳು ಮಾಡಿದೆವು ಎನ್ನಿ.

*ಶೋಕ ಹೋಗುತ್ತದೆಯೇ?*

ತಂಗಿ, ನೀವು ಕೇಳದ ಪ್ರಶ್ನೆ ಒಂದಿದೆ. ಅಶೋಕ ನೆಟ್ಟರೆ ಅವ್ವನಿಲ್ಲದ ದುಃಖ ಕಡಿಮೆಯಾದೀತೇ?

ಹೆಸರಿನಿಂದ ಆಗುವುದಿಲ್ಲ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧರು ತಾಯಿತ ಕಟ್ಟಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು. ಆಕೆ ಮನೆಮನೆ ತಿರುಗಿದಳು. ಸಾಸಿವೆ ಎಲ್ಲರ ಮನೆಯಲ್ಲೂ ಇತ್ತು, ಸಾವೂ ಇತ್ತು. ತನ್ನ ದುಃಖ ತನ್ನೊಬ್ಬಳದಲ್ಲ ಎಂದು ತಿಳಿದಾಗ ಮಗುವನ್ನು ಕೆಳಗಿಳಿಸಲು ಆಕೆಗೆ ಸಾಧ್ಯವಾಯಿತು.

ಬಾಬಾಸಾಹೇಬರು ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡವರು. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರ ಜುಲೈಯಲ್ಲಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ನಡುವೆ ಎಂಟೇ ತಿಂಗಳು. ಶೋಕ ಅಷ್ಟರಲ್ಲಿ ಮುಗಿದಿತ್ತು ಎಂದು ಹೇಳುವಂತಿಲ್ಲ. ಶೋಕವನ್ನು ಎದೆಯಲ್ಲಿಟ್ಟುಕೊಂಡೇ ಸಾವಿರಾರು ಜನರ ನೀರಿಗಾಗಿ ಮುಂದೆ ನಡೆದರು.

ಮಂಗಲ ಸುತ್ತದಲ್ಲೂ ಅಶೋಕ ಎಂಬ ಪದ ಬರುತ್ತದೆ. ಅಲ್ಲಿ ಅದು ಮರದ ಹೆಸರಲ್ಲ. ಲಾಭ, ನಷ್ಟ, ಹೊಗಳಿಕೆ, ತೆಗಳಿಕೆ ತಾಗಿದರೂ ಅಲುಗದ ಮನಸ್ಸಿನ ಗುಣ. ಅದನ್ನು ಯಾವ ನರ್ಸರಿಯೂ ಮಾರುವುದಿಲ್ಲ, ದಿನವೂ ನಾವೇ ಬೆಳೆಸಬೇಕು. ಗಿಡ ಇದಕ್ಕೆ ಒಂದು ಸಹಾಯ ಮಾಡಬಲ್ಲದು. ಅದರ ಒಂದೇ ಗೊಂಚಲಿನಲ್ಲಿ ಇಂದು ಅರಳಿದ ಹಳದಿ, ನಿನ್ನೆ ಮೊನ್ನೆಯ ಕಿತ್ತಳೆ, ಉದುರಲು ಸಿದ್ಧವಾದ ಕೆಂಪು ಒಟ್ಟಿಗಿರುತ್ತವೆ. ಬುದ್ಧವಂದನೆಯಲ್ಲಿ ಹೂ ಅರ್ಪಿಸುವಾಗ ನಾವು ನೆನೆಯುವುದೂ ಇದನ್ನೇ. ಈ ಹೂ ಬಾಡುವಂತೆ ಈ ದೇಹವೂ ಬಾಡುತ್ತದೆ ಎನ್ನುತ್ತೇವೆ. ಅನಿಚ್ಚವನ್ನು ಕಣ್ಣಾರೆ ನೋಡಲು ಮನೆ ಬಾಗಿಲಲ್ಲೇ ಒಂದು ಪಾಠ ಇದ್ದ ಹಾಗೆ.

ಸ್ವಂತ ಅಂಗಳ ಇಲ್ಲದವರು ಬೇಸರಪಡಬೇಡಿ. ಬುದ್ಧ ವಿಹಾರ, ಅಂಬೇಡ್ಕರ್ ಭವನ, ಮಕ್ಕಳ ಹಾಸ್ಟೆಲ್ಲು, ಊರ ಶಾಲೆ, ಎಲ್ಲಾದರೂ ಕೇಳಿ ಒಂದು ಗುಂಡಿ ತೋಡಿ. ಆದರೆ ಫೋಟೋ ತೆಗೆಸಿಕೊಂಡು ಹೊರಡಬೇಡಿ. ಮೊದಲ ಎರಡು ಬೇಸಿಗೆ ಯಾವ ವಾರ ಯಾರು ನೀರು ಹಾಕುತ್ತಾರೆ ಎಂದು ಹೆಸರು ಬರೆದುಕೊಂಡೇ ನೆಡಿ.

*ಇಂದಿನ ಅಭ್ಯಾಸ:* ನಾಲ್ಕು ಪ್ರಯತ್ನಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಮನಸ್ಸಿನ ಒಂದು ಕಳೆ ಕೀಳಬಹುದು, ಒಂದು ಒಳ್ಳೆಯ ಅಭ್ಯಾಸಕ್ಕೆ ನೀರು ಹಾಕಬಹುದು. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಆನಾಪಾನ ಮಾಡಿ, ಅಗಲಿದ ಹಿರಿಯರ ಹೆಸರಿನಲ್ಲಿ ಎಲ್ಲ ಜೀವಿಗಳಿಗೆ ಮೈತ್ರಿ ಹರಸಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್ 🙏

(ಓದಿ, ನಿಮ್ಮ ಮನೆಯವರಿಗೂ ಓದಿ ಹೇಳಿ. ಉಪಯೋಗವೆನಿಸಿದರೆ ಇತರ ಬಂಧುಗಳಿಗೆ ಕಳುಹಿಸಿ.)