ಬಣ್ಣ ಬದಲಾದ ಮೇಲೆ

ನಾನು ಮೊದಲ ಸಲ ವಿಮಾನ ಹತ್ತಿದ್ದು 2004ರಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ. ರೆಕ್ಕೆಗಳಿಗೆ ಎರಡು ಫ್ಯಾನು ಕಟ್ಟಿದಂತಿದ್ದ ಪುಟ್ಟ ಎಟಿಆರ್ ವಿಮಾನ. ಕುಡಿಯುವ ನೀರಿಗೂ ದುಡ್ಡು ಕೊಡಬೇಕಿತ್ತು. ಪಕ್ಕದ ವ್ಯಾಪಾರಿಯೊಬ್ಬರು ಚೀಲದಿಂದ ಚುರುಮುರಿ ತೆಗೆದು ನನಗೂ ಒಂದು ಹಿಡಿ ಕೊಟ್ಟರು. ಇಳಿದ ಮೇಲೆ ಭುಜದಲ್ಲಿ ನಾಲ್ಕು ಪಟ್ಟಿಯಿದ್ದ ಕ್ಯಾಪ್ಟನ್ ಎದುರಾದಾಗ, ನಮ್ಮೂರ ಬಸ್ಸಿನ ಡ್ರೈವರಿಗೆ ಹೇಳುವಂತೆ "ಬರ್ತೀನಪ್ಪಾ" ಎಂದುಬಿಟ್ಟೆ. ಅವರು ನಕ್ಕು ಕೈಯೆತ್ತಿದರು.

ಅದು ಏರ್ ಡೆಕ್ಕನ್. ಸೈನ್ಯದಲ್ಲಿದ್ದು ಬಂದ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟಿನಲ್ಲಿ ಶುರುಮಾಡಿದ್ದು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಗುರುತು. 2007ರಲ್ಲಿ ವಿಜಯ ಮಲ್ಯರ ಗುಂಪು 550 ಕೋಟಿ ರೂಪಾಯಿಗೆ ಅದರ ಶೇಕಡಾ 26 ಪಾಲು ಕೊಂಡಿತು. ಮರುವರ್ಷ ಹೆಸರು ಕಿಂಗ್‌ಫಿಶರ್ ರೆಡ್ ಆಯಿತು. ಶ್ರೀಸಾಮಾನ್ಯ ಇಳಿದ, ಕೆಂಪು ಬಣ್ಣ ಏರಿತು.

ಪತ್ರಿಕೆಗಳಲ್ಲಿ ಆಗ ಷೇರಿನ ಬೆಲೆಯ ಮಾತೇ ಹೆಚ್ಚು. ನನಗೆ ಮಾತ್ರ ಆ ನಾಲ್ಕು ಪಟ್ಟಿಯ ಕ್ಯಾಪ್ಟನ್ನರ ನೆನಪಾಯಿತು. ವಿಮಾನ, ಹ್ಯಾಂಗರು, ಹಾರುವ ಪರವಾನಗಿ ಎಲ್ಲಕ್ಕೂ ಬೆಲೆ ಕಟ್ಟಬಹುದು. ಆದರೆ ಒಬ್ಬ ಧಣಿಯನ್ನು ನಂಬಿ ಬಂದವರ ನಂಬಿಕೆಯನ್ನು ಇನ್ನೊಬ್ಬ ಧಣಿಗೆ ಮಾರಲು ಬರುತ್ತದೆಯೇ?

ಒಡೆತನ ಬದಲಾದಾಗ ಪೈಲಟ್ಟುಗಳು ಮೊದಲು ಕೇಳುವುದು ಸಂಬಳವನ್ನಲ್ಲ, ಹಿರಿತನದ ಪಟ್ಟಿಯನ್ನು ಎಂದು ಓದಿದ್ದೇನೆ. ಬಲಗಡೆಯ ಸೀಟಿನ ಸಹಪೈಲಟ್ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಬರುವುದು, ಸಣ್ಣ ವಿಮಾನದವರು ದೊಡ್ಡ ವಿಮಾನದ ತರಬೇತಿಗೆ ಹೋಗುವುದು, ಎಲ್ಲಕ್ಕೂ ಆ ಪಟ್ಟಿಯೇ ಸಾಮಾನ್ಯವಾಗಿ ಆಧಾರ. ಎರಡು ಕಂಪನಿ ಒಂದಾದಾಗ ಎರಡು ಪಟ್ಟಿಗಳನ್ನು ಹೆಣೆಯಬೇಕಾಗುತ್ತದೆ. ಯಾರ ಹೆಸರಿನ ಮೇಲೆ ಯಾರದು? ಇವನಿಗೆ ನ್ಯಾಯವಾದದ್ದು ಅವನಿಗೆ ಅನ್ಯಾಯ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದದ್ದೂ 2007ರಲ್ಲಿಯೇ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಜಗಳ ಹೊತ್ತಿ, 2012ರ ಮೇ ತಿಂಗಳಲ್ಲಿ ಏರ್ ಇಂಡಿಯಾದ ಮೂಲ ಪೈಲಟ್ಟುಗಳು ಒಟ್ಟೊಟ್ಟಿಗೆ ಕಾಯಿಲೆಯ ರಜೆ ಹಾಕಿದರು. ಮುಷ್ಕರ 58 ದಿನ ನಡೆಯಿತು.

"ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಇದೇನು ದುರಾಸೆ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈದರು. ನಾನು ಬಾಯಿ ಬಿಡಲಿಲ್ಲ. ಕಾರಣವಿತ್ತು.

ಅದಕ್ಕೆ ಮೂರು ವರ್ಷ ಮೊದಲು ನಮ್ಮ ಶಾಲೆಯ ಆಡಳಿತವೂ ಕೈ ಬದಲಾಗಿತ್ತು. ಹೊಸಬರು ಹೊಸ ಬೋರ್ಡು ಬರೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಆಮೇಲೆ ಒಂದು ಕಾಗದ ಕೊಟ್ಟರು. ಸಂಬಳ ಅಷ್ಟೇ, ಆದರೆ ನೇಮಕ ಇವತ್ತಿನಿಂದ. ಹಿಂದಿನ ವರ್ಷಗಳು ಲೆಕ್ಕಕ್ಕಿಲ್ಲ. ನನಗಿಂತ ಆರು ವರ್ಷ ಹಿರಿಯರಾದ ಸಹೋದ್ಯೋಗಿಯೊಬ್ಬರು ಸಹಿ ಹಾಕಲಿಲ್ಲ. "ನಾನು ಪಾಠ ಮಾಡಿದ ಹದಿನೇಳು ವರ್ಷ ಎಲ್ಲಿ ಹೋಯಿತು, ಹೇಳಿ" ಎಂದಷ್ಟೇ ಕೇಳಿದರು. ಯಾರೂ ಉತ್ತರಿಸಲಿಲ್ಲ. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ನಾನು ಸಹಿ ಹಾಕಿದೆ. ಅವರು ಶಾಲೆ ಬಿಟ್ಟರು. ಮುಂದೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ನನಗೆ ಬಂತು. ಅದು ಅವರದಾಗಿತ್ತು.

ಫೀಸಿನ ನೆಪ ಸುಳ್ಳಲ್ಲ. ಆದರೆ ಸಹಿ ಹಾಕುವಾಗ ಆ ಕುರ್ಚಿ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲವೆಂದರೆ ಅದು ಸುಳ್ಳು. ಹಿರಿತನದ ಪಟ್ಟಿಗಾಗಿ ಜಗಳವಾಡುವವರನ್ನು ದುರಾಸೆಯವರೆನ್ನುವುದು ಸುಲಭ. ಆ ಪಟ್ಟಿ ಒಬ್ಬ ಮನುಷ್ಯ ಒಂದು ಕೆಲಸಕ್ಕೆ ಕೊಟ್ಟ ವರ್ಷಗಳ ಲೆಕ್ಕ. ಒಡೆಯ ಹೋದರೂ ಆ ವರ್ಷಗಳು ಹೋಗಬಾರದು. ಅವು ಮಾರಿದವನದೂ ಅಲ್ಲ, ಕೊಂಡವನದೂ ಅಲ್ಲ.

ಹಾಗಾದರೆ ಟಿಕೆಟ್ಟು ಹಿಡಿದು ನಿಲ್ದಾಣದಲ್ಲಿ ಕಾದವರ ಗತಿ? ಅವರಲ್ಲಿ ತಾಯಿಯ ಕೊನೆಗಾಲಕ್ಕೆ ಹೊರಟವರೂ ಇರಬಹುದು. ಕಾಯಿಲೆಯಿಲ್ಲದೆ ಕಾಯಿಲೆಯೆಂದು ಬರೆದುಕೊಡುವುದನ್ನು ನಾನು ಇವತ್ತಿಗೂ ಒಪ್ಪಲಾರೆ. ಮಕ್ಕಳು ಹಾಗೆ ರಜಾಚೀಟಿ ಬರೆದು ತಂದರೆ ನಿಲ್ಲಿಸಿ ಕೇಳುವವಳು ನಾನು. ನ್ಯಾಯ ಕೇಳುವವರು ಬಾಯಿಬಿಟ್ಟು ಕೇಳಬೇಕು, ನನ್ನ ಸಹೋದ್ಯೋಗಿ ಕೇಳಿದಂತೆ. ಆದರೆ ಬಾಯಿಬಿಟ್ಟು ಕೇಳಿದವರಿಗೆ ನಾವು ಕೊಟ್ಟ ಉತ್ತರವೇನು ಎಂಬುದನ್ನೂ ನೆನೆಯಬೇಕಲ್ಲವೆ? ನೇರ ದಾರಿಯಲ್ಲಿ ಹೋದವರು ಒಬ್ಬೊಬ್ಬರೇ ಮನೆಗೆ ನಡೆದರೆ, ಉಳಿದವರು ಅಡ್ಡದಾರಿ ಹುಡುಕುತ್ತಾರೆ.

ಕಿಂಗ್‌ಫಿಶರ್ 2011ರ ಸೆಪ್ಟೆಂಬರಿನಲ್ಲಿ ಅಗ್ಗದ ಸೇವೆ ನಿಲ್ಲಿಸುವುದಾಗಿ ಹೇಳಿತು. ಮರುವರ್ಷ ತಿಂಗಳುಗಟ್ಟಲೆ ಸಂಬಳವಿಲ್ಲದೆ ಎಂಜಿನಿಯರುಗಳೂ ಪೈಲಟ್ಟುಗಳೂ ಕೆಲಸ ನಿಲ್ಲಿಸಿದರು. ಅಕ್ಟೋಬರಿನಲ್ಲಿ ಹಾರಾಟ ನಿಂತು, ಪರವಾನಗಿಯೂ ಅಮಾನತಾಯಿತು. ಆಗ ಮಾತ್ರ ನನಗೆ ಯಾವ ಸಂಶಯವೂ ಉಳಿಯಲಿಲ್ಲ. ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವ ಎಂಜಿನಿಯರನ ಮನೆಯಲ್ಲಿ ಬಾಡಿಗೆ ಕಟ್ಟಿಲ್ಲವೆಂದರೆ, ಅವನ ಮನಸ್ಸು ನಟ್ಟು ಬೋಲ್ಟಿನ ಮೇಲೆ ನಿಂತೀತೆ? ಅವರು ಕೆಲಸ ನಿಲ್ಲಿಸಿದ್ದು ಪ್ರಯಾಣಿಕರಿಗೆ ಮಾಡಿದ ದ್ರೋಹವೆಂದು ನನಗೆ ಅನಿಸಲಿಲ್ಲ.

ಕರ್ತವ್ಯ ಒಡೆಯನಿಗೆ ಸಲ್ಲುವುದಲ್ಲ, ಹಿಂದೆ ಕೂತ ಪ್ರಯಾಣಿಕನಿಗೆ, ಬೆಂಚಿನ ಮೇಲೆ ಕೂತ ಮಗುವಿಗೆ ಸಲ್ಲುವುದು. ಬಣ್ಣ ಬದಲಾದರೂ ಅದು ಬದಲಾಗದು. ಆದರೆ ಆ ಮಾತನ್ನೇ ಹಗ್ಗ ಮಾಡಿಕೊಂಡು ಕೆಲಸದವರನ್ನು ಕಟ್ಟಿಹಾಕುವ ಹಕ್ಕು ಒಡೆಯನಿಗಿಲ್ಲ.

ನಮ್ಮ ಶಾಲೆಯ ಆಡಳಿತ ಮತ್ತೆ ಬದಲಾಗುವ ಮಾತು ಈಚೆಗೆ ಕೇಳಿಬರುತ್ತಿದೆ. ಕಳೆದ ವಾರ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಬೀರುವಿನಿಂದ ತೆಗೆದು, ಎಲ್ಲ ಶಿಕ್ಷಕರು ಸೇರಿದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದೆ. ಬಿಟ್ಟುಹೋದ ಆ ಸಹೋದ್ಯೋಗಿಯ ಹೆಸರನ್ನೂ ಬರೆದೆ, ಎಲ್ಲರಿಗಿಂತ ಮೇಲೆ. ಅದರಿಂದ ಅವರಿಗೆ ಈಗ ಏನೂ ಸಿಗುವುದಿಲ್ಲ. ಹೊಸ ಕಾಗದ ಬಂದಾಗ ಸಹಿಗೆ ಮುಂಚೆ ಈ ಹಾಳೆ ಮೇಜಿನ ಮೇಲಿಡಬೇಕು. ಮಗಳ ಫೀಸಿನ ನೆಪ ಈಗ ನನಗಿಲ್ಲ.